ಪೇಟೆಯ ಬಡ ಶಾಲೆಗೆ ಎಂಥ ಮೇಷ್ಟರು ಬೇಕು?

ಬೆಳಗಿನ ಹೊತ್ತು ಬೆಂಗಳೂರಿನ ಹೆಬ್ಬಾಳದಲ್ಲೋ ಯಲಹಂಕದಲ್ಲೋ ನಿಂತು ಉತ್ತರಕ್ಕೆ ಹೊರಡುವ ಬಸ್ಸುಗಳನ್ನು ಗಮನಿಸಿದವರಿಗೆ ಒಂದು ಗುಂಪು ಪರಿಚಿತ. ಹೆಗಲಿಗೊಂದು ಚೀಲ, ಅದರಲ್ಲಿ ಊಟದ ಡಬ್ಬಿ, ತಿದ್ದಿ ಮುಗಿಯದ ಉತ್ತರ ಪತ್ರಿಕೆಗಳ ಕಟ್ಟು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ಶಾಲೆಗಳಲ್ಲಿ ಪಾಠ ಹೇಳಿ ಸಂಜೆ ಅದೇ ದಾರಿಯಲ್ಲಿ ಮರಳುವ ಶಿಕ್ಷಕ, ಶಿಕ್ಷಕಿಯರು ಇವರು. ಇವರನ್ನು ದೂರುವುದು ಸುಲಭ. ಆದರೆ ಗಂಡನ ಅಥವಾ ಹೆಂಡತಿಯ ನೌಕರಿ, ಮಕ್ಕಳ ಓದು, ವಯಸ್ಸಾದ ತಂದೆತಾಯಿಯ ಆಸ್ಪತ್ರೆ ಎಲ್ಲವೂ ಬೆಂಗಳೂರಿನಲ್ಲಿರುವಾಗ ಯಾರೂ ಇದನ್ನೇ ಮಾಡುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ಪೇಟೆಗಳ ಸರ್ಕಾರಿ ಶಾಲೆಗಳಿಗಾಗಿಯೇ ಶಿಕ್ಷಕರನ್ನು ಸಿದ್ಧಪಡಿಸುವ, ಅವರನ್ನು ಅಲ್ಲಿಯೇ ಉಳಿಸಿಕೊಳ್ಳುವ ಯೋಚನೆಯನ್ನು ನಾವು ಎಂದಾದರೂ ಮಾಡಿದ್ದೇವೆಯೇ?

ಇದೇ ದಾರಿಯಲ್ಲಿ ಒಂದು ಕಾಲಕ್ಕೆ ವಿದ್ಯೆಯ ಪ್ರಯಾಣ ತಿರುವುಮುರುವಾಗಿತ್ತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಕಲಿತು ಮುಂದಿನ ಓದಿಗೆ ಬೆಂಗಳೂರಿಗೆ ಹೋದರು. ಅಲ್ಲಿ ಮನೆಪಾಠ ಹೇಳಿ ಖರ್ಚು ತೂಗಿಸಿದರು. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ, ಬಸ್ಸಿಗೆ ಕಾಸಿಲ್ಲದ ಬಾಲಕನೊಬ್ಬ ಎರಡು ದಿನ ನಡೆದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಆ ಬಾಲಕನೇ ಮುಂದೆ ಡಾ. ಎಚ್. ನರಸಿಂಹಯ್ಯ ಎಂದು ನಾಡಿಗೆಲ್ಲ ಪರಿಚಿತರಾದರು. ಭೌತಶಾಸ್ತ್ರದ ಅಧ್ಯಾಪಕ, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲ, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಲ್ಲವೂ ಆದ ಅವರು 2005ರಲ್ಲಿ ತೀರಿಕೊಳ್ಳುವವರೆಗೂ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬದುಕಿದರು. ತಮ್ಮ ಸೀಮೆಯನ್ನು ಮರೆಯದೆ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳನ್ನು ಕಟ್ಟಿದರು. ಅಷ್ಟು ದೂರ ನಡೆಯುವ ಧೈರ್ಯವನ್ನು ಅವರಿಗೆ ಕೊಟ್ಟದ್ದರಲ್ಲಿ ಅವರ ಪ್ರತಿಭೆಯನ್ನು ಗುರುತಿಸಿ ಪ್ರೋತ್ಸಾಹಿಸಿದ ಮುಖ್ಯೋಪಾಧ್ಯಾಯರೊಬ್ಬರ ಪಾಲು ದೊಡ್ಡದು. ಹುಡುಗನ ಬುದ್ಧಿಯನ್ನೂ ಅವನ ಮನೆಯ ಸ್ಥಿತಿಯನ್ನೂ ಒಟ್ಟಿಗೇ ಬಲ್ಲ ಮೇಷ್ಟರು ಊರಿನಲ್ಲಿದ್ದರೆ ಏನಾಗಬಹುದು ಎಂಬುದಕ್ಕೆ ಈ ಜಿಲ್ಲೆ ಹೊರಗಿನ ಉದಾಹರಣೆಯನ್ನು ಹುಡುಕಬೇಕಿಲ್ಲ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಸ್ವತಂತ್ರ ಜಿಲ್ಲೆಯಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಹನ್ನೆರಡೂವರೆ ಲಕ್ಷ. ಸಾಕ್ಷರತೆ ಸುಮಾರು ಶೇ 70. ರಾಜ್ಯದ ಸರಾಸರಿ ಆಗ ಶೇ 75ರಷ್ಟಿತ್ತು. ಪಟ್ಟಣವಾಸಿಗಳು ಐವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಚಿಂತಾಮಣಿ ಪಟ್ಟಣದಲ್ಲಿ ಸುಮಾರು 76 ಸಾವಿರ, ಶಿಡ್ಲಘಟ್ಟದಲ್ಲಿ 51 ಸಾವಿರ ಜನರಿದ್ದರು. ರಾಜಧಾನಿಯ ಕಣ್ಣಿಗೆ ಇವು ದೊಡ್ಡ ಹಳ್ಳಿಗಳಂತೆ ಕಂಡರೆ, ಸುತ್ತಲಿನ ಹಳ್ಳಿಗಳ ಕಣ್ಣಿಗೆ ಶಾಲೆ, ಆಸ್ಪತ್ರೆ, ಬಸ್ಸು, ವಿದ್ಯುತ್ತು ಎಲ್ಲವೂ ಇರುವ ಪೇಟೆಗಳು. ಈ ಎರಡು ನೋಟಗಳ ನಡುವೆ ಪೇಟೆಯ ಬಡವರ ಮಗು ಯಾರ ಲೆಕ್ಕಕ್ಕೂ ಸಿಗದೆ ಉಳಿದುಬಿಟ್ಟಿದೆ.

ಸರ್ಕಾರಿ ಶಾಲೆಯ ಕಷ್ಟ ಎಂದಾಗ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಹಳ್ಳಿಯದು: ಸೋರುವ ಮಾಡು, ಒಬ್ಬರೇ ಮೇಷ್ಟರು, ಬಸ್ಸಿಲ್ಲದ ಊರು. ಆ ಚಿತ್ರ ಸುಳ್ಳಲ್ಲ. ಆದರೆ ನಮ್ಮ ನೀತಿಗಳೆಲ್ಲವೂ ಆ ಒಂದೇ ಚಿತ್ರದ ಮೇಲೆ ನಿಂತಿವೆ. ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸಲು ರಾಜ್ಯವು 2007ರಲ್ಲಿ ಕಾಯ್ದೆಯನ್ನೇ ತಂದಿತು. 2020ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ಶಾಲೆಗಳನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸುವ ಈ ವ್ಯವಸ್ಥೆಯ ತರ್ಕ ಸರಳ: ಪೇಟೆಯಿಂದ ದೂರವಾದಷ್ಟೂ ಕಷ್ಟದ ಸೇವೆ, ಪೇಟೆಗೆ ಹತ್ತಿರವಾದಷ್ಟೂ ಸುಖದ ಸೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಿಕ್ಷಕರಿಗೆ ವಸತಿ, ಪ್ರೋತ್ಸಾಹಧನಗಳ ಮಾತು ಬಂದಾಗ ಗ್ರಾಮೀಣ ಪ್ರದೇಶವನ್ನೇ ಹೆಸರಿಸುತ್ತದೆ. ಹೀಗಾಗಿ ಪೇಟೆಯ ಶಾಲೆ ಎಂಬುದು ವರ್ಷಗಳ ಗ್ರಾಮೀಣ ಸೇವೆಗೆ ಸಿಗುವ ಬಹುಮಾನ ಅಥವಾ ಬೆಂಗಳೂರಿಗೆ ಒಂದು ಹೆಜ್ಜೆ ಹತ್ತಿರವಾಗುವ ನಿಲ್ದಾಣ. ಬಸ್ ನಿಲ್ದಾಣದಿಂದ ನಡೆದು ಹೋಗಬಹುದಾದಷ್ಟು ಹತ್ತಿರದಲ್ಲಿದೆ ಎಂಬ ಕಾರಣಕ್ಕೆ ಶಾಲೆಯೊಂದನ್ನು ಆರಿಸಿಕೊಳ್ಳುವ ಶಿಕ್ಷಕರಿದ್ದಾರೆ. ಅಲ್ಲಿನ ಮಕ್ಕಳಿಗಾಗಿ ಅದನ್ನು ಆರಿಸಿಕೊಳ್ಳಿ ಎಂದು ವ್ಯವಸ್ಥೆ ಯಾರಿಗೂ ಹೇಳಿಲ್ಲ.

ವಾಸ್ತವದಲ್ಲಿ ಪೇಟೆಯ ಸರ್ಕಾರಿ ಶಾಲೆ ಇಂದು ಹಳ್ಳಿಯ ಶಾಲೆಗಿಂತ ಬೇರೆಯೇ ಆದ ಸಂಸ್ಥೆ. ಅನೇಕ ಹಳ್ಳಿಗಳಲ್ಲಿ ಉಳ್ಳವರ ಮಗುವೂ ಇಲ್ಲದವರ ಮಗುವೂ ಈಗಲೂ ಒಂದೇ ಶಾಲೆಯಲ್ಲಿ ಕೂರುವುದುಂಟು. ಪೇಟೆಯಲ್ಲಾದರೋ ಬೀದಿಗೊಂದು ಖಾಸಗಿ ಇಂಗ್ಲಿಷ್ ಶಾಲೆ. ಸಾಲ ಮಾಡಿಯಾದರೂ ಶುಲ್ಕ ಕಟ್ಟಬಲ್ಲವರು ಅಲ್ಲಿಗೆ ಹೋಗುತ್ತಾರೆ. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇ 25ರಷ್ಟು ಸೀಟುಗಳನ್ನು ಕೊಡಿಸಿದ್ದ ಶಿಕ್ಷಣ ಹಕ್ಕು ಕಾಯ್ದೆಯ ಬಾಗಿಲು ಕೂಡ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟುಗಳಿಲ್ಲ ಎಂಬ ತಿದ್ದುಪಡಿಯಿಂದಾಗಿ 2019–20ರಿಂದ ಬಹುಮಟ್ಟಿಗೆ ಮುಚ್ಚಿಕೊಂಡಿತು. ಹೀಗೆ ಸೋಸಿ ಉಳಿದ ಮಕ್ಕಳು ಯಾರು? ರೇಷ್ಮೆ ಬಿಚ್ಚುವ ಕಾರ್ಮಿಕರ ಮಕ್ಕಳು, ಮಂಡಿಯ ಹಮಾಲಿಗಳ ಮಕ್ಕಳು, ಪೌರಕಾರ್ಮಿಕರ ಮಕ್ಕಳು, ಹೂವು ತರಕಾರಿಯ ತಳ್ಳುಗಾಡಿಯವರ ಮಕ್ಕಳು, ಸಿದ್ಧ ಉಡುಪು ಕಾರ್ಖಾನೆಗೆ ಬೆಳಗಾಗುತ್ತಲೇ ಹೊರಡುವ ತಾಯಂದಿರ ಮಕ್ಕಳು, ಕಟ್ಟಡ ಕೆಲಸಕ್ಕೆಂದು ದೂರದಿಂದ ಬಂದು ಗುಡಿಸಲು ಹಾಕಿಕೊಂಡವರ ಮಕ್ಕಳು. ಬೇರೆ ದಾರಿಯೇ ಇಲ್ಲದವರಷ್ಟೇ ಉಳಿದಿರುವ ಶಾಲೆ ಇದು. ಇಂಥ ತರಗತಿಯಲ್ಲಿ ಪಾಠ ಹೇಳುವುದು ಪ್ರತ್ಯೇಕವಾಗಿ ಕಲಿಯಬೇಕಾದ ವಿದ್ಯೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಶಿಡ್ಲಘಟ್ಟದಲ್ಲಿ ನಾಲ್ಕನೆಯ ತರಗತಿಯಲ್ಲಿರುವ ಹುಡುಗಿಯೊಬ್ಬಳು. ಊರಿನ ಗೂಡು ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿಯನ್ನು ಹುಡುಕಿ ತೆಗೆದು, ರಾಟೆಗೆ ಸುತ್ತುವ ಕೆಲಸ ಅನೇಕ ಬೀದಿಗಳಲ್ಲಿ ಮನೆಯ ಪಕ್ಕದಲ್ಲೇ ನಡೆಯುತ್ತದೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿನ ಜೀತದ ಮಕ್ಕಳ ಬಗ್ಗೆ ವರದಿ ಪ್ರಕಟಿಸಿದಾಗ ಕರ್ನಾಟಕವೂ ಅದರಲ್ಲಿತ್ತು. ಆನಂತರ ಪರಿಸ್ಥಿತಿ ಸುಧಾರಿಸಿದೆ, ನಿಜ. ಆದರೆ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದ 2016ರ ತಿದ್ದುಪಡಿಯೇ, ಅಪಾಯಕಾರಿಯಲ್ಲದ ಕುಟುಂಬದ ಕಸುಬಿನಲ್ಲಿ ಶಾಲೆಯ ಅವಧಿಯ ಆಚೆಗೆ ಮಕ್ಕಳು ನೆರವಾಗಬಹುದೆಂದು ಒಂದು ಕಿಂಡಿಯನ್ನು ಬಿಟ್ಟಿದೆ. ಮುಂಜಾನೆ ತಾಯಿ ಕೆಲಸಕ್ಕೆ ಕೂತಾಗ ತಮ್ಮನನ್ನು ನೋಡಿಕೊಂಡು, ನೀರು ಹಿಡಿದು, ಆಮೇಲೆ ಶಾಲೆಗೆ ಬರುವ ಈ ಹುಡುಗಿ ಹತ್ತೂವರೆಗೆ ತರಗತಿಯ ಬಾಗಿಲಲ್ಲಿ ನಿಲ್ಲುತ್ತಾಳೆ. ‘ಯಾಕೆ ತಡ?’ ಎಂದು ಗದರುವ ಶಿಕ್ಷಕರಿಗೆ ಅವಳು ಉತ್ತರ ಕೊಡುವುದಿಲ್ಲ. ಒಂದು ವಾರ ಬಿಟ್ಟು ಬರುವುದನ್ನೇ ನಿಲ್ಲಿಸುತ್ತಾಳೆ. ತಡವಾಗಿ ಬಂದವಳನ್ನು ಕೂರಿಸಿ, ತಪ್ಪಿದ ಪಾಠವನ್ನು ಮಧ್ಯಾಹ್ನದ ಊಟದ ನಂತರ ಹತ್ತು ನಿಮಿಷ ಹೇಳಿ, ಸಂಜೆ ಅವಳ ತಾಯಿಯನ್ನು ಕಂಡು ಮಾತಾಡುವ ಶಿಕ್ಷಕಿಯಿದ್ದರೆ ಅದೇ ಹುಡುಗಿ ಹೈಸ್ಕೂಲು ಮುಟ್ಟುತ್ತಾಳೆ. ಐದೂಕಾಲರ ಬಸ್ಸು ಹಿಡಿಯಬೇಕಾದವರಿಗೆ ಆ ಸಂಜೆಯೇ ಇಲ್ಲ.

ಭಾಷೆಯದು ಇನ್ನೊಂದು ಕಷ್ಟ. ಈ ಜಿಲ್ಲೆ ಆಂಧ್ರದ ಗಡಿಯಲ್ಲಿದೆ. ಚಿಂತಾಮಣಿ, ಗೌರಿಬಿದನೂರಿನ ಎಷ್ಟೋ ಮನೆಗಳ ಮಾತು ತೆಲುಗು. ಕೈವಾರದ ತಾತಯ್ಯನವರು ಕನ್ನಡ, ತೆಲುಗು ಎರಡರಲ್ಲೂ ಹಾಡಿದ ಸೀಮೆ ಇದು. ಎರಡು ಭಾಷೆಗಳು ಇಲ್ಲಿ ಜಗಳವಾಡಿದ್ದಕ್ಕಿಂತ ಒಟ್ಟಿಗೆ ಬಾಳಿದ್ದೇ ಹೆಚ್ಚು. ಶಿಡ್ಲಘಟ್ಟ, ಚಿಂತಾಮಣಿಗಳ ಅನೇಕ ವಾರ್ಡುಗಳಲ್ಲಿ ಮನೆಯ ಮಾತು ಉರ್ದು. ಮೊದಲ ತರಗತಿಗೆ ಬಂದ ಮಗುವಿನ ಕಿವಿಗೆ ಕನ್ನಡ ಬಿದ್ದಿರುತ್ತದೆ, ಬಾಯಿಗೆ ಬಂದಿರುವುದಿಲ್ಲ. ಮಗು ಮೌನವಾಗಿ ಕೂತರೆ ದಡ್ಡತನ ಎಂದು ಬಗೆಯುವುದು ಸುಲಭ. ಅದರ ಮನೆಮಾತಿನಲ್ಲಿ ಹತ್ತು ವಾಕ್ಯ ಆಡಬಲ್ಲ ಶಿಕ್ಷಕಿ ಅದೇ ಮಗುವನ್ನು ಒಂದು ವರ್ಷದಲ್ಲಿ ಕನ್ನಡದೊಳಕ್ಕೆ ಕರೆತರುತ್ತಾಳೆ. ಕನ್ನಡವನ್ನು ಉಳಿಸುವ ಕೆಲಸ ಎಂದು ನಾವು ವೇದಿಕೆಗಳಲ್ಲಿ ಹೇಳುವುದೆಲ್ಲ ನಿಜವಾಗಿ ನಡೆಯುವುದು ಇಲ್ಲಿ. ಆದರೆ ಶಿಕ್ಷಕರ ನೇಮಕಾತಿಯಲ್ಲಾಗಲೀ ತರಬೇತಿಯಲ್ಲಾಗಲೀ ಈ ಹತ್ತು ವಾಕ್ಯಗಳಿಗೆ ಬೆಲೆಯೇನೂ ಇಲ್ಲ.

ಹಾಗಾದರೆ ಇಂಥ ಶಿಕ್ಷಕರು ಎಲ್ಲಿಂದ ಬರಬೇಕು? ಈಗಿರುವ ದಾರಿಯನ್ನೊಮ್ಮೆ ನೋಡಿ. 2000ದ ದಶಕದಲ್ಲಿ ಡಿ.ಇಡಿ ಕಾಲೇಜುಗಳು ಅಣಬೆಗಳಂತೆ ಎದ್ದವು. ನೇಮಕಾತಿ ಬತ್ತಿದೊಡನೆ ವಿದ್ಯಾರ್ಥಿಗಳಿಲ್ಲದೆ ಅನೇಕವು ಮುಚ್ಚಿದವು. ಓದು ಮುಗಿಸಿದವರು ಟಿಇಟಿ ಬರೆಯಬೇಕು. ಅದಾದ ಮೇಲೆ ನೇಮಕಾತಿಯ ಪರೀಕ್ಷೆಗಾಗಿ ವರ್ಷಗಟ್ಟಲೆ ಕಾಯಬೇಕು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆದಾಗ, ವಿವಾಹಿತ ಮಹಿಳೆಯರು ತಂದೆಯ ಆದಾಯ ಪ್ರಮಾಣಪತ್ರ ಕೊಡಬೇಕೇ ಗಂಡನದೇ ಎಂಬ ವಿವಾದ ನ್ಯಾಯಾಲಯದ ಮೆಟ್ಟಿಲೇರಿ, ಆಯ್ಕೆಯಾದವರು ಬಹುಕಾಲ ಆದೇಶಕ್ಕಾಗಿ ಕಾದರು. ಅಷ್ಟರಲ್ಲಿ ಶಾಲೆಗಳನ್ನು ನಡೆಸಿದವರು ಅತಿಥಿ ಶಿಕ್ಷಕರು. ತಿಂಗಳಿಗೆ ಹತ್ತು–ಹನ್ನೆರಡು ಸಾವಿರ ರೂಪಾಯಿ ಗೌರವಧನ, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಖಾಲಿ ಹುದ್ದೆಗಳು ಮಂಜೂರಾದ ಸಂಖ್ಯೆಯ ಶೇ 10ನ್ನು ಮೀರಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅತಿಥಿಗಳಿಂದಲೇ ಮನೆ ನಡೆಯುತ್ತಿದೆ ಎಂದರೆ ಯಜಮಾನರು ಕಾಯ್ದೆಯನ್ನು ಓದಿಲ್ಲ ಎಂದೇ ಅರ್ಥ.

ಇಲ್ಲಿ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ಅವಕಾಶ ಸಿಕ್ಕಾಗ ಈ ಜಿಲ್ಲೆಯ ಶಿಕ್ಷಕರು ಸೋತವರಲ್ಲ. 2020ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿಕ್ಕಬಳ್ಳಾಪುರ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಕೊರೊನಾದ ಆ ದಿನಗಳಲ್ಲಿ ಅದು ಸಣ್ಣ ಸಾಧನೆಯಲ್ಲ. ಆದರೆ ಆ ಪಟ್ಟಿ ಹತ್ತನೆಯ ತರಗತಿಯವರೆಗೆ ಬಂದವರದು. ದಾರಿಯಲ್ಲಿ ಕಳಚಿಕೊಂಡವರ ಹೆಸರು ಯಾವ ಫಲಿತಾಂಶದಲ್ಲೂ ಇರುವುದಿಲ್ಲ. ನಾವು ಮಾತನಾಡುತ್ತಿರುವುದು ಅವರ ಬಗ್ಗೆ.

ದಾರಿಗಳಿಲ್ಲವೆಂದಲ್ಲ. ಚಿಂತಾಮಣಿಯಿಂದ ಗಡಿ ದಾಟಿ ಹೋದರೆ ಆಂಧ್ರದ ಮದನಪಲ್ಲಿ. ಅದರ ಸಮೀಪದ ರಿಷಿವ್ಯಾಲಿಯಲ್ಲಿ, ಹಳ್ಳಿಯ ಶಾಲೆಗಳಿಗೆಂದು ರೂಪಿಸಿದ್ದ ಚಟುವಟಿಕೆ ಕಾರ್ಡುಗಳ ಪದ್ಧತಿಯನ್ನು ನೋಡಲು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ಹೋದರು. ನೋಡಿ ಬಂದು, ತಮ್ಮ ಮಕ್ಕಳಿಗೆ ಒಗ್ಗುವಂತೆ ತಾವೇ ಕೂತು ಕಾರ್ಡುಗಳನ್ನು ಬರೆದರು. ಅದೇ ‘ನಲಿಕಲಿ’. 2009–10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಹರಡುವಾಗ ಅದರ ಜೀವ ಎಷ್ಟು ಉಳಿಯಿತು ಎಂಬ ಚರ್ಚೆ ಬೇರೆ. ಆದರೆ ಒಂದು ಮಾತು ಸ್ಪಷ್ಟ: ಶಿಕ್ಷಕರು ಇನ್ನೊಬ್ಬ ಶಿಕ್ಷಕರ ತರಗತಿಯಲ್ಲಿ ಕೂತು ಕಲಿತದ್ದು ಸುತ್ತೋಲೆಗಳಿಂದ ಕಲಿತದ್ದಕ್ಕಿಂತ ಆಳವಾಗಿರುತ್ತದೆ. ಅಮೆರಿಕದ ಬಾಸ್ಟನ್ ನಗರ 2003ರಲ್ಲಿ ಇದನ್ನೇ ಒಂದು ಕಾರ್ಯಕ್ರಮವಾಗಿಸಿತು. ನಗರದ ಸಾರ್ವಜನಿಕ ಶಾಲೆಗಳಲ್ಲಿ ಶಿಕ್ಷಕರಾಗಬಯಸುವವರು ಒಂದು ಪೂರ್ಣ ವರ್ಷ ಅನುಭವಿ ಶಿಕ್ಷಕರ ಪಕ್ಕದಲ್ಲಿದ್ದು, ವೈದ್ಯ ವಿದ್ಯಾರ್ಥಿಗಳು ಆಸ್ಪತ್ರೆಯಲ್ಲಿ ಕಲಿಯುವ ಹಾಗೆ ತರಗತಿಯಲ್ಲಿ ಕಲಿಯುತ್ತಾರೆ. ಆಮೇಲೆ ಕನಿಷ್ಠ ಮೂರು ವರ್ಷ ಅದೇ ನಗರದ ಶಾಲೆಗಳಲ್ಲಿ ದುಡಿಯುವ ಮಾತು ಕೊಡುತ್ತಾರೆ. ವೈದ್ಯರನ್ನು ಪುಸ್ತಕದಿಂದಷ್ಟೇ ತಯಾರಿಸಲು ಒಪ್ಪದ ನಾವು ಮೇಷ್ಟರ ವಿಷಯದಲ್ಲಿ ಕೆಲವು ವಾರಗಳ ಅಭ್ಯಾಸ ಬೋಧನೆಗೆ ತೃಪ್ತರಾಗುವುದೇಕೆ?

ಚಿಕ್ಕಬಳ್ಳಾಪುರ ಜಿಲ್ಲೆಯ ನಾಲ್ಕು ಪೇಟೆಗಳಲ್ಲಿ ಇದನ್ನು ಆರಂಭಿಸಲು ಹೊಸ ಇಲಾಖೆಯೇನೂ ಬೇಡ. ಒಂದನೆಯದಾಗಿ, ಬಡವರ ವಾರ್ಡುಗಳ ಶಾಲೆಗಳನ್ನು ಗುರುತಿಸಿ, ಅಲ್ಲಿನ ಸೇವೆಯನ್ನು ದೂರದ ಹಳ್ಳಿಯ ಸೇವೆಗೆ ಸಮನಾಗಿ ಪರಿಗಣಿಸಬೇಕು. ಶಾಲೆಯ ಕಷ್ಟವನ್ನು ಬಸ್ ನಿಲ್ದಾಣದಿಂದ ಎಷ್ಟು ಕಿಲೋಮೀಟರ್ ಎಂದು ಅಳೆಯದೆ, ಅಲ್ಲಿ ಕೂತಿರುವ ಮಕ್ಕಳ ಸ್ಥಿತಿಯಿಂದ ಅಳೆಯಬೇಕು. ಎರಡನೆಯದಾಗಿ, ನೇಮಕಗೊಂಡವರು ಮೊದಲ ವರ್ಷವನ್ನು ಈ ಶಾಲೆಗಳಲ್ಲಿ ಹಿರಿಯ ಶಿಕ್ಷಕರೊಬ್ಬರ ಜೊತೆ, ಪೂರ್ಣ ವೇತನದೊಂದಿಗೆ ಕಳೆಯುವಂತಾಗಬೇಕು. ಡಯಟ್ ಸಂಸ್ಥೆಗಳು ಇರುವುದೇ ಇಂಥ ಕೆಲಸಕ್ಕೆ. ಮೂರನೆಯದಾಗಿ, ತೆಲುಗು ಅಥವಾ ಉರ್ದು ಬಲ್ಲ ಸ್ಥಳೀಯ ಅಭ್ಯರ್ಥಿಗಳಿಗೂ, ವರ್ಷಗಟ್ಟಲೆ ದುಡಿದ ಅತಿಥಿ ಶಿಕ್ಷಕರಿಗೂ ನೇಮಕಾತಿಯಲ್ಲಿ ಒಂದಿಷ್ಟು ಕೃಪಾಂಕ ಸಿಗಬೇಕು. ಅದೇ ಪೇಟೆಯಲ್ಲಿ ಹುಟ್ಟಿ ಬೆಳೆದ, ಪೌರಕಾರ್ಮಿಕರ ಅಥವಾ ರೀಲರುಗಳ ಮನೆಯ ಮಗಳು ಅಲ್ಲಿಯೇ ಶಿಕ್ಷಕಿಯಾದರೆ ಅವಳು ಬಸ್ಸು ಹಿಡಿಯಬೇಕಿಲ್ಲ; ಮನೆಮಾತನ್ನು ಹೊಸದಾಗಿ ಕಲಿಯಬೇಕಿಲ್ಲ. ನಾಲ್ಕನೆಯದಾಗಿ, ಶಿಕ್ಷಕರನ್ನು ತರಗತಿಯಲ್ಲಿ ಇರಗೊಡಬೇಕು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರಾವ ಬೋಧನೇತರ ಕೆಲಸಕ್ಕೂ ಅವರನ್ನು ಹಚ್ಚಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮು ಹೇಳುತ್ತದೆ. 2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಮುಗಿಸಲೆಂದು ದಸರಾ ರಜೆಯನ್ನೇ ವಿಸ್ತರಿಸಬೇಕಾಯಿತು. ಸಮೀಕ್ಷೆ ಅಗತ್ಯವಿರಬಹುದು, ಆದರೆ ಪ್ರತಿ ಬಾರಿಯೂ ಅದರ ಬೆಲೆ ತೆರುವವರು ಶಾಲೆ ಬಿಟ್ಟರೆ ಬೇರೆ ಪಾಠವೇ ಸಿಗದ ಮಕ್ಕಳು.

ಎರಡು ಆಕ್ಷೇಪಗಳು ಬರಬಹುದು. ಹಳ್ಳಿಯ ಶಾಲೆಗಳೇ ಹಾಳು ಬಿದ್ದಿರುವಾಗ ಪೇಟೆಯ ಮಾತೇಕೆ ಎಂಬುದು ಮೊದಲನೆಯದು. ಹಳ್ಳಿಯಿಂದ ಕಿತ್ತು ಪೇಟೆಗೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಹಳ್ಳಿ ಬಿಟ್ಟು ಬಂದ ಬಡವರೇ ಪೇಟೆಯ ಅಂಚಿನಲ್ಲಿ ನೆಲೆಸಿರುವಾಗ, ಅವರ ಹಿಂದೆ ಅವರ ಶಾಲೆಯೂ ಬರಬೇಕು ಎಂದಷ್ಟೇ ವಾದ. ಪೇಟೆಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳೇ ಕಡಿಮೆ, ಅವುಗಳನ್ನು ವಿಲೀನಗೊಳಿಸಿ ಎಂಬುದು ಎರಡನೆಯದು. ಮಕ್ಕಳು ಕಡಿಮೆಯಾದದ್ದು ರೋಗದ ಲಕ್ಷಣ. ಲಕ್ಷಣವನ್ನು ತೋರಿಸಿ ರೋಗಿಯನ್ನು ಮನೆಗೆ ಕಳಿಸುವುದು ಚಿಕಿತ್ಸೆಯಲ್ಲ. ವಿಲೀನವಾದ ಶಾಲೆ ಎರಡು ಹೆದ್ದಾರಿಗಳಾಚೆ ಹೋದರೆ ಮೊದಲು ಮನೆಯಲ್ಲಿ ಉಳಿಯುವುದು ಹೆಣ್ಣುಮಗು.

ಕೊನೆಯದಾಗಿ, ಈ ಪುಟವನ್ನು ಓದುವವರಲ್ಲಿ ಹೆಚ್ಚಿನವರ ಮಕ್ಕಳು ಇಂಥ ಶಾಲೆಗಳಲ್ಲಿಲ್ಲ. ಈ ಲೇಖಕನ ಮಕ್ಕಳೂ ಅಲ್ಲಿ ಓದಲಿಲ್ಲ. 2001ರಲ್ಲಿ ರೂಪುಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಇಂದು ಕೂರುವವರು, ದಿನಗೂಲಿ ಬಿಟ್ಟು ಸಭೆಗೆ ಬರಬೇಕಾದ ತಂದೆತಾಯಂದಿರು. ಅವರ ದನಿ ಬೆಂಗಳೂರನ್ನು ಮುಟ್ಟುವುದಿಲ್ಲ. ನಮ್ಮ ದನಿ ಮುಟ್ಟುತ್ತದೆ. ಆದರೆ ನಮಗೆ ಆ ಶಾಲೆಗಳಲ್ಲಿ ಏನೂ ಪಣಕ್ಕಿಲ್ಲವಾದ್ದರಿಂದ ಅದನ್ನು ಎತ್ತುವುದಿಲ್ಲ. ಪದವಿ ಮುಗಿಸಿ ಯಾವ ದಾರಿ ಹಿಡಿಯಲಿ ಎಂದು ಯೋಚಿಸುವ ನಮ್ಮ ಮನೆಯ ಮಗನೋ ಮಗಳೋ ‘ಚಿಂತಾಮಣಿಯ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುತ್ತೇನೆ’ ಎಂದರೆ ನಮ್ಮ ಮೊದಲ ಮಾತು ಏನಿರುತ್ತದೆ? ‘ಬೇರೆ ಏನೂ ಸಿಗಲಿಲ್ಲವೇ?’ ಎಂದಲ್ಲವೇ? ಆ ಒಂದು ಪ್ರಶ್ನೆಯನ್ನು ನಾವು ನುಂಗಿಕೊಂಡರೂ ಸಾಕು, ಒಳ್ಳೆಯ ಶಿಕ್ಷಕರ ದಾರಿಯಲ್ಲಿನ ಮೊದಲ ತಡೆ ಸರಿಯುತ್ತದೆ. ಉಳಿದದ್ದನ್ನು ಸರ್ಕಾರದಿಂದ ಕೇಳುವ ನೈತಿಕ ಹಕ್ಕು ಆಗ ನಮಗೆ ಬರುತ್ತದೆ. ಮುಂದಿನ ಶಿಕ್ಷಕರ ನೇಮಕಾತಿಯ ಅಧಿಸೂಚನೆ ಹೊರಡುವ ಮುನ್ನ ಅದನ್ನು ಕೇಳಬೇಕು.